‘ಹಾಗಾದರೆ ಕಡಿಮೆ ಬೆಳೆಯಬೇಕಾ?’ ಎಂದು ರೈತರು ಕೇಳಿದರೆ ಏನು ಹೇಳಲಿ?

ಪ್ರಶ್ನೆ: ನಾನು ಕೃಷಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಇಳುವರಿ ಹೆಚ್ಚಿದಾಗ ರೈತರ ಆದಾಯ ಯಾಕೆ ಕುಸಿಯುತ್ತದೆ ಎಂಬುದು ನನ್ನ ವಿಷಯ. ರೈತರು, ಅಧಿಕಾರಿಗಳು, ಪತ್ರಕರ್ತರು ಇದ್ದ ಸಭೆಯಲ್ಲಿ ಅದನ್ನು ವಿವರಿಸಿದೆ. ರೈತರೊಬ್ಬರು ಎದ್ದು, ‘ಹಾಗಾದರೆ ನಾನು ಕಡಿಮೆ ಬೆಳೆಯಬೇಕಾ?’ ಎಂದರು. ಉತ್ತರ ಹೊಳೆಯಲಿಲ್ಲ. ಎಲ್ಲರಿಗೂ ತಿಳಿಯುವ ಹಾಗೆ ಹೇಳುವುದು ಹೇಗೆ?

ಉತ್ತರ: ಆ ರೈತರು ನಿಮ್ಮ ಮಾತನ್ನು ಚೆನ್ನಾಗಿಯೇ ಕೇಳಿಸಿಕೊಂಡಿದ್ದಾರೆ. ನೀವು ಎಲ್ಲ ರೈತರ ಬಗ್ಗೆ ಹೇಳಿದಿರಿ, ಅವರು ತಮ್ಮ ಹೊಲದ ಬಗ್ಗೆ ಕೇಳಿದರು. ಇವೆರಡೂ ಬೇರೆ ಬೇರೆ ಎನ್ನುವುದನ್ನು ಹೇಳುವುದು ಬಿಟ್ಟುಹೋಗಿತ್ತು.

‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ದಿಂದ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆಯಿಂದ, ಶುರು ಮಾಡಬೇಡಿ. ಬೆಲೆ ಅರ್ಧಕ್ಕಿಳಿದರೂ ಜನ ಎರಡರಷ್ಟು ಊಟ ಮಾಡಲ್ಲ, ಅಲ್ವಾ? ಅಲ್ಲಿಂದ ಶುರು ಮಾಡಿ. ಆಮೇಲೆ ಒಂದು ಲೆಕ್ಕ ಹಾಕಿ ತೋರಿಸಿ. 100 ಚೀಲ ಬೆಳೆದು ಚೀಲಕ್ಕೆ 100 ರೂಪಾಯಿಯಂತೆ ಮಾರಿದರೆ 10,000 ರೂಪಾಯಿ. ಎಲ್ಲರೂ 110 ಚೀಲ ಬೆಳೆದು ಬೆಲೆ 80ಕ್ಕೆ ಬಿದ್ದರೆ, ಒಬ್ಬೊಬ್ಬರ ಕೈಗೆ ಬರುವುದು 8,800. ಇಲ್ಲಿಗೆ ನಿಲ್ಲಿಸಿದರೆ ‘ಕಡಿಮೆ ಬೆಳೆಯಿರಿ’ ಅಂದ ಹಾಗೇ ಕೇಳಿಸುತ್ತದೆ. ಇನ್ನೊಂದು ಸಾಲು ಸೇರಿಸಿ: ಉಳಿದವರೆಲ್ಲ 110 ಬೆಳೆದಾಗ ಇವರೊಬ್ಬರೇ 100ಕ್ಕೆ ನಿಂತರೆ ಸಿಗುವುದು 8,000. ಅವರೊಬ್ಬರು ಹಿಂದೆ ಸರಿದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಹಾಗಾಗಿ ಹೆಚ್ಚುವರಿ 10 ಚೀಲದ ಖರ್ಚು 800ಕ್ಕಿಂತ ಕಡಿಮೆ ಇದ್ದರೆ ಬೆಳೆಯುವುದೇ ಲಾಭ. ಅವರು ಕೇಳಿದ್ದಕ್ಕೆ ಇದೇ ಉತ್ತರ.

ಅಧಿಕಾರಿಗಳಿಗೂ ಅದೇ ಲೆಕ್ಕ ಸಾಕು, ಆದರೆ ಅವರ ಪ್ರಶ್ನೆ ಬೇರೆ. ಒಬ್ಬ ರೈತರಿಂದ ತಡೆಯಲಾಗದ ಬೆಲೆ ಕುಸಿತವನ್ನು ಗೋದಾಮು, ಸಂಸ್ಕರಣೆ, ಹೊಸ ಮಾರುಕಟ್ಟೆಗಳಿಂದ ಎಷ್ಟು ತಗ್ಗಿಸಬಹುದು ಎಂಬುದನ್ನು ಹೇಳಿ. ಕೊಳ್ಳುವವರಿಗೆ ಅಗ್ಗವಾಗುತ್ತದೆ ಎನ್ನುವುದನ್ನೂ ಮುಚ್ಚಿಡಬೇಡಿ. ಪತ್ರಕರ್ತರ ಜೊತೆ ಶೇಕಡಾವಾರು ವಿಷಯದಲ್ಲಿ ಎಚ್ಚರ ಇರಲಿ. ಕೊಳ್ಳುವವರು ಕೊಡುವ ಬೆಲೆಯಲ್ಲಿ ರೈತರ ಪಾಲು ಶೇ 40ರಿಂದ 30ಕ್ಕೆ ಇಳಿದರೆ ಅದು ಶೇ 10ರಷ್ಟು ಇಳಿಕೆ ಅಲ್ಲ, ಶೇ 25ರಷ್ಟು. 40 ಮತ್ತು 30, ಎರಡೂ ಅಂಕಿಗಳನ್ನು ಕೊಟ್ಟುಬಿಡಿ.

ಹೆಸರುಗಳ ಬಗ್ಗೆ ಒಂದು ಮಾತು. ಈ ವರ್ಷದ ಬೆಲೆ ನೋಡಿ ಮುಂದಿನ ಬಿತ್ತನೆ ಮಾಡುವುದರಿಂದ ಆಗುವ ಏರಿಳಿತಕ್ಕೆ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1934ರಲ್ಲಿ ‘ಜೇಡರ ಬಲೆ’ ಎಂದು ಹೆಸರಿಟ್ಟರು. ಗ್ರಾಫ್‌ನಲ್ಲಿ ಗೆರೆಗಳು ಬಲೆಯಂತೆ ಕಾಣುತ್ತವೆ. ಗ್ರಾಫ್ ನೋಡದವರಿಗೆ ಆ ಹೆಸರು ಏನೂ ಹೇಳುವುದಿಲ್ಲ. ಆದರೆ ಆ ಅನುಭವ ಅವರಿಗೆ ನಮಗಿಂತ ಜಾಸ್ತಿ ಇದೆ. ಮೊದಲು ಅವರಿಂದಲೇ ಕೇಳಿ, ಹೆಸರು ಆಮೇಲೆ ಹೇಳಿದರಾಯಿತು.

ಸಾಧ್ಯವಾದರೆ ಆ ರೈತರನ್ನು ಹುಡುಕಿ, ಈ ಲೆಕ್ಕವನ್ನು ಅವರ ಚೀಲ, ಅವರ ಖರ್ಚು ಹಾಕಿ ಮಾಡಿಕೊಡಿ.