ನೆರಳು ಯಾರದು?

ಪ್ರಶ್ನೆ: ಮೇಡಂ, ನಾನು ಸಹಾಯಕ ಪ್ರಾಧ್ಯಾಪಕಿ. ನನ್ನ ಹತ್ತಿರ ಇಬ್ಬರು ಪಿಎಚ್‌ಡಿ ಮಾಡುತ್ತಿದ್ದಾರೆ. ಹುಡುಗಿ ಚುರುಕು. ಹುಡುಗ ರಾತ್ರಿಯೆಲ್ಲ ಲ್ಯಾಬಿನಲ್ಲೇ ಇರುತ್ತಾನೆ, ವಾರಕ್ಕೊಂದು ಹೊಸ ಐಡಿಯಾ ತರುತ್ತಾನೆ, ಒಂದನ್ನೂ ಮುಗಿಸುವುದಿಲ್ಲ. ಸಂಶೋಧನೆ ನಿನಗೆ ಒಗ್ಗಲ್ಲ ಎಂದು ಕಳಿಸಿಬಿಡಲೇ?

ಉತ್ತರ: ಸ್ವಲ್ಪ ತಡೆಯಿರಿ. ಒದ್ದೆ ಹತ್ತಿಯ ಮೇಲೆ ಸಾಸಿವೆ ಉದುರಿಸಿ, ಒಂದು ಲೋಟ ಕಿಟಕಿಯಲ್ಲಿ, ಇನ್ನೊಂದನ್ನು ಬೀರುವಿನೊಳಗೆ ಇಡಿ. ನಾಲ್ಕೈದು ದಿನಕ್ಕೆ ಬೀರುವಿನ ಮೊಳಕೆಯೇ ಎತ್ತರ! ಆದರೆ ಕಾಂಡ ಬಿಳಿಚಿರುತ್ತದೆ, ಎಲೆ ಹಳದಿಯಾಗಿ ಮುದುಡಿರುತ್ತದೆ, ಮುಟ್ಟಿದರೆ ವಾಲುತ್ತದೆ. ಬೀಜದಲ್ಲಿದ್ದ ಗಂಟನ್ನೆಲ್ಲ ಬೆಳಕು ಹುಡುಕುವುದಕ್ಕೇ ಸುರಿದಿದೆ. ನಿಮ್ಮ ಹುಡುಗನ ಓಡಾಟವೂ ನನಗೆ ಹಾಗೇ ಕಾಣುತ್ತಿದೆ.

ಪೂರ್ತಿ ಕತ್ತಲೇ ಬೇಕಿಲ್ಲ, ದೊಡ್ಡ ಗಿಡದ ನೆರಳು ಸಾಕು. ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅದರಾಚೆಯ ಕಡುಗೆಂಪನ್ನು ಹೆಚ್ಚಾಗಿ ಕೆಳಗೆ ಬಿಡುತ್ತದೆ. ಕೆಳಗಿನ ಗಿಡದಲ್ಲಿರುವ ಫೈಟೋಕ್ರೋಮ್ ಎಂಬ ಪ್ರೋಟೀನು ಈ ಏರುಪೇರನ್ನು ಹಿಡಿಯುತ್ತದೆ. ಬಿಸಿಲು ಬಯಸುವ ಗಿಡವಾದರೆ ಕವಲೊಡೆಯುವುದನ್ನು ಬಿಟ್ಟು ಉದ್ದುದ್ದ ಹೋಗುತ್ತದೆ, ಎಷ್ಟೋ ಸಲ ಅವಸರದಲ್ಲಿ ಹೂವನ್ನೂ ಬಿಡುತ್ತದೆ. ಅರೆಬೆಂದ ಪೇಪರ್ ಕಳಿಸುವ ವಿದ್ಯಾರ್ಥಿಗಳು ನೆನಪಾಗುತ್ತಾರೆ, ಅಲ್ವಾ?

ಈ ತಪ್ಪು ನಾನೂ ಮಾಡಿದ್ದೇನೆ. ಒಬ್ಬ ವಿದ್ಯಾರ್ಥಿನಿ ಗ್ರಾಫ್ ತೋರಿಸಿ ಬಾಯಿ ತೆರೆಯುವಷ್ಟರಲ್ಲಿ ನನ್ನ ವಿವರಣೆ ಶುರುವಾಗುತ್ತಿತ್ತು. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಪ್ರತಿ ಮೀಟಿಂಗಿಗೂ ಹೊಸ ಗ್ರಾಫ್ ತರುತ್ತಿದ್ದಳು, ಹಳೆಯದರ ಮಾತೇ ಇಲ್ಲ. ನೆರಳು ನನ್ನದೇ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಹಾಗಾಗಿ ಮೊದಲು ನಿಮ್ಮ ಮೀಟಿಂಗನ್ನೇ ನೋಡಿ. ಯಾರು ಎಷ್ಟು ಹೊತ್ತು ಮಾತಾಡುತ್ತಾರೆ? ಹುಡುಗಿಯನ್ನು ಹೊಗಳುವಾಗ ಇವನ ಮುಖ ಎಲ್ಲಿರುತ್ತದೆ? ವಾರಕ್ಕೆ ಅರ್ಧ ಗಂಟೆ ಅವನೊಬ್ಬನ ಜೊತೆ ಕೂತುಕೊಳ್ಳಿ. ಅವನ ಐಡಿಯಾಗಳಲ್ಲಿ ಒಂದನ್ನು ಅವನೇ ಆರಿಸಲಿ. ಪೇಪರಿನಲ್ಲಿ ಮೊದಲ ಹೆಸರು ಅವನದೇ ಎಂದು ಈಗಲೇ ಹೇಳಿಬಿಡಿ. ಹಾಗಂತ ನಾಳೆಯೇ ದೊಡ್ಡ ಸಮ್ಮೇಳನದ ವೇದಿಕೆಗೆ ಹತ್ತಿಸಬೇಡಿ. ನೆರಳಲ್ಲಿ ಬೆಳೆದ ಎಲೆ ಏಕಾಏಕಿ ಸುಡುಬಿಸಿಲಿಗೆ ಬಂದರೆ ಕರಕಲಾಗುತ್ತದೆ. ಮೊದಲು ಲ್ಯಾಬಿನಲ್ಲಿ ಹತ್ತು ನಿಮಿಷ ಮಾತಾಡಲಿ, ಆಮೇಲೆ ವಿಭಾಗದ ಸೆಮಿನಾರು.

ಗಿಡದ ಹೋಲಿಕೆ ಇಲ್ಲಿಗೆ ಸಾಕು, ಗಿಡಕ್ಕೆ ಕಾಲಿಲ್ಲ, ಅವನಿಗಿದೆ. ಆರು ತಿಂಗಳ ನಂತರವೂ ಅವನಿಗೇ ಬೇಡ ಅನ್ನಿಸಿದರೆ, ಬೇರೆ ಗೈಡ್ ಹುಡುಕಲು ನೀವೇ ಸಹಾಯ ಮಾಡಿ, ಶಿಫಾರಸು ಪತ್ರವನ್ನೂ ಬರೆದುಕೊಡಿ.