ಮಲೆನಾಡಿನ ಊಟಕ್ಕೆ ತಿಂಗಳು ನೋಡಿ ಬನ್ನಿ, ಹಿಂದಿನ ದಿನವೇ ಹೇಳಿಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಊಟ-ತಿಂಡಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ಎರಡು ದಿನಕ್ಕೆ ತೀರ್ಥಹಳ್ಳಿಗೆ ಬರುವ ಯೋಚನೆ ಇದೆ. ಹೋದ ಸಲ ಬಂದಾಗ ಪೂರಿ, ಮಸಾಲೆ ದೋಸೆ, ಗೋಬಿ ಮಂಚೂರಿ ಬಿಟ್ಟು ಬೇರೇನೂ ಕಾಣಲಿಲ್ಲ. ಮಲೆನಾಡಿನ ಊಟ ಎಲ್ಲಿ ಸಿಗುತ್ತದೆ? (ಬೆಂಗಳೂರು)

ಎಲ್ಲಿ ಎನ್ನುವುದಕ್ಕಿಂತ ಯಾವಾಗ ಎಂದು ಮೊದಲು ಕೇಳಬೇಕು. ಮೇ ಕೊನೆಯಿಂದ ಜೂನ್‌ವರೆಗೆ ಹಲಸಿನ ಹಣ್ಣಿನ ಕಡುಬು. ಜುಲೈ, ಆಗಸ್ಟ್‌ನಲ್ಲಿ ಕಳಲೆ (ಎಳೆ ಬಿದಿರು), ಕೆಸು, ಅಣಬೆ, ಗದ್ದೆ ಏಡಿ. ಡಿಸೆಂಬರ್ ನಂತರ ಆಲೆಮನೆ, ಫೆಬ್ರುವರಿ-ಮಾರ್ಚ್‌ನಲ್ಲಿ ಮಾವಿನ ಮಿಡಿ. ಇವುಗಳಲ್ಲಿ ಯಾವುದನ್ನೂ ಹೋಟೆಲಿನ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಕಳಲೆಗೆ ಮೂರು ದಿನ ನೆನೆಸುವ ಕೆಲಸ, ಕೆಸುವಿನ ಎಲೆಯ ಪತ್ರೊಡೆಗೆ ಅರ್ಧ ದಿನದ ಕೆಲಸ ಇದೆ. ಗಿರಾಕಿ ಬರುತ್ತಾರೆ ಅಂತ ಖಾತ್ರಿ ಇಲ್ಲದೆ ಯಾರೂ ಅದಕ್ಕೆ ಕೈ ಹಾಕುವುದಿಲ್ಲ.

ಬೆಳಗಿನ ಕಡುಬು ಬೇಕಿದ್ದರೆ ಬಸ್‌ಸ್ಟ್ಯಾಂಡಿನ ಅಕ್ಕಪಕ್ಕದ, ಐದಾರು ಬೆಂಚಿನ ಸಣ್ಣ ಹೋಟೆಲುಗಳಲ್ಲಿ ಎಂಟು ಗಂಟೆಯ ಒಳಗೆ ವಿಚಾರಿಸಿ. ಮಾಡುವುದು ಒಂದೋ ಎರಡೋ ಪಾತ್ರೆ, ಒಂಬತ್ತೂವರೆಗೆ ಹೋದರೆ ಚಿತ್ರಾನ್ನ ಮಾತ್ರ ಉಳಿದಿರುತ್ತದೆ. ಮಧ್ಯಾಹ್ನದ ಮನೆಯೂಟಕ್ಕೆ ಹೋಮ್‌ಸ್ಟೇ ಅಥವಾ ಮೆಸ್‌ನವರಿಗೆ ಹಿಂದಿನ ದಿನ ಸಂಜೆಯೇ ಫೋನ್ ಮಾಡಿ, ಎಷ್ಟು ಜನ, ಸಸ್ಯಾಹಾರವೋ ಮಾಂಸಾಹಾರವೋ ಎಂದು ಹೇಳಿ. ಆಗ "ಏನಿದೆ?" ಎಂದು ಕೇಳಬೇಡಿ, "ತಂಬುಳಿ ಯಾವುದು ಮಾಡುತ್ತೀರಿ? ಅಪ್ಪೆಹುಳಿ ಇರುತ್ತದಾ?" ಎಂದು ಹೆಸರು ಹಿಡಿದು ಕೇಳಿ. ಪೇಟೆಯವರು ಬರುತ್ತಾರೆಂದರೆ ಪನ್ನೀರ್ ಮಾಡಬೇಕು ಅಂದುಕೊಂಡವರು ಇಲ್ಲಿ ಬೇಕಾದಷ್ಟಿದ್ದಾರೆ. ಹೆಸರು ಕೇಳಿದ ಕೂಡಲೇ ಒಂದೆಲಗ ಕೀಳಲು ಹಿತ್ತಿಲಿಗೆ ಹೋಗುವವರೂ ಅವರೇ.

ಮತ್ತೊಂದು ದಾರಿ ಸಂತೆ. ತಿನ್ನಲು ಸಿಗುವುದು ಕಡಿಮೆ. ಆದರೆ ಆ ವಾರ ಊರಿನ ಮನೆಗಳಲ್ಲಿ ಏನು ಬೇಯುತ್ತಿದೆ ಎಂಬುದು ನೆಲದ ಮೇಲೆ ಗೋಣಿ ಹಾಸಿ ಕೂತವರ ಮುಂದಿನ ರಾಶಿಯಲ್ಲೇ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡು ಊಟ ಹೇಳಿ.

ಪ್ರಶ್ನೆ: ಸಂತೆಯಿಂದ ಕಳಲೆ ತಂದು ಒಂದು ರಾತ್ರಿ ನೀರಿನಲ್ಲಿಟ್ಟು ಪಲ್ಯ ಮಾಡಿದೆವು. ಬಾಯಿಗೆ ಇಡಲಾಗದಷ್ಟು ಕಹಿ. ತಪ್ಪು ಎಲ್ಲಿ? (ಭದ್ರಾವತಿ)

ಒಂದು ರಾತ್ರಿ ಸಾಲದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಎಂಬ ಅಂಶವಿದೆ. ಕಹಿಗೆ ಅದೇ ಕಾರಣ. ಹಾಗಾಗಿ ನೆನೆಸುವುದು ರುಚಿಗೆ ಮಾತ್ರವಲ್ಲ, ವಿಷ ತೆಗೆಯಲಿಕ್ಕೂ ಹೌದು. ಕಹಿ ಇರುವ ಕಳಲೆಯನ್ನು ಖಾರ, ಬೆಲ್ಲ ಹಾಕಿ ಮುಚ್ಚಿ ತಿನ್ನಲೇಬೇಡಿ.

ಕೊಳ್ಳುವಾಗ ಬುಡ ನೋಡಿ. ಉಗುರು ಒತ್ತಿದರೆ ಇಳಿಯಬೇಕು, ನಾರು ಕಂಡರೆ ಬಲಿತಿದೆ ಎಂದೇ ಅರ್ಥ. ಹೊರಗಿನ ಗರಿಗಳನ್ನು ಒಂದೊಂದಾಗಿ ಸುಲಿದು, ಒಳಗಿನ ಕೆನೆಬಣ್ಣದ ಭಾಗವನ್ನು ಅಡ್ಡಲಾಗಿ, ಎರಡು-ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ದೊಡ್ಡ ತುಂಡು ಹಾಗೇ ನೆನೆಹಾಕಿದರೆ ಒಳಗಿನ ಕಹಿ ಒಳಗೇ ಉಳಿಯುತ್ತದೆ. ನಿಮ್ಮಲ್ಲಿ ಇದೂ ಆಗಿರಬಹುದು. ಬಿಲ್ಲೆಗಳು ಪೂರ್ತಿ ಮುಳುಗುವಷ್ಟು ನೀರು ಹಾಕಿ ಮೇಲೊಂದು ತಟ್ಟೆ ಹೇರಿಡಿ, ತೇಲಿದ ತುಂಡು ಕಪ್ಪಾಗುತ್ತದೆ. ಮೂರು ದಿನ, ದಿನಕ್ಕೊಮ್ಮೆಯಾದರೂ ನೀರು ಬದಲಿಸಬೇಕು. ಆ ನೀರನ್ನು ದನದ ಬಾನಿಗೆ ಹಾಕಬೇಡಿ, ಚೆಲ್ಲಿಬಿಡಿ. ಎರಡನೇ ದಿನಕ್ಕೆ ಸ್ವಲ್ಪ ಹುಳಿ ವಾಸನೆ, ಲೋಳೆ ಬರುವುದು ಸಹಜ. ಕೊಳೆತ ವಾಸನೆ ಬಂದರೆ ನೀರು ಬದಲಿಸಿಲ್ಲ ಎಂದರ್ಥ, ಆ ಕಳಲೆ ಬೇಡ.

ಮೂರು ದಿನದ ನಂತರ ಹೊಸ ನೀರಿನಲ್ಲಿ, ಮುಚ್ಚಳ ತೆಗೆದಿಟ್ಟು, 20 ನಿಮಿಷ ಕುದಿಸಿ ಬಸಿಯಿರಿ. ಮುಚ್ಚಳ ತೆಗೆಯಲೇಬೇಕು, ಬಿಡುಗಡೆಯಾದ ವಿಷ ಆವಿಯ ಜೊತೆ ಹೊರಗೆ ಹೋಗಬೇಕಲ್ಲ. ಬೆಂದ ಒಂದು ತುಂಡು ಕಡಿದು ನೋಡಿ, ಕಹಿ ಎನಿಸಿದರೆ ನೀರು ಬದಲಿಸಿ ಇನ್ನೊಮ್ಮೆ ಕುದಿಸಿ. ಆಮೇಲೆ ಹೆಸರುಕಾಳಿನ ಜೊತೆ ಪಲ್ಯ ಮಾಡಿ, ಇಲ್ಲವೇ ಹಲಸಿನ ಬೀಜ ಹಾಕಿ ಹುಳಿ ಮಾಡಿ.

ಕಾಯ್ದಿಟ್ಟ ಅರಣ್ಯದಲ್ಲಿ ಕಳಲೆ ಮುರಿಯುವುದು ಅಪರಾಧ. ತೋಟದ ಬೇಲಿಯ ಬಿದಿರಿನದ್ದೇ ಎಂದು ಕೇಳಿ ಕೊಳ್ಳಿ.

ಪ್ರಶ್ನೆ: ಅಕ್ಕಿ ತರಿಯ ಕಡುಬು ಒಮ್ಮೆ ಬಿರುಕು ಬಿಡುತ್ತದೆ, ಒಮ್ಮೆ ಅಂಟಂಟಾಗುತ್ತದೆ. ಸರಿಯಾದ ಅಳತೆ ಹೇಳಿ. (ಹಾವೇರಿ)

ಒಂದು ಲೋಟ ತರಿಗೆ ಎರಡು ಲೋಟ ನೀರು. ಇದು ಹಳೆ ಅಕ್ಕಿಯ ಲೆಕ್ಕ. ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತದೆ, ಒಂದೂಮುಕ್ಕಾಲು ಲೋಟ ಸಾಕು. ಒಮ್ಮೆ ಹಾಗೆ, ಒಮ್ಮೆ ಹೀಗೆ ಆಗುತ್ತಿದೆ ಎಂದರೆ ಅಕ್ಕಿ ಬದಲಾದಾಗಲೂ ನೀವು ಅಳತೆ ಬದಲಿಸಿಲ್ಲ. ತರಿ ಇಡ್ಲಿ ರವೆಗಿಂತ ತುಸು ದಪ್ಪ ಇರಲಿ, ಹಿಟ್ಟನ್ನು ಜರಡಿ ಹಿಡಿದು ತೆಗೆಯಿರಿ. ಹಿಟ್ಟು ಉಳಿದರೆ ಅಂಟುತ್ತದೆ.

ತರಿಯನ್ನು ಬಿಸಿಯಾಗುವಷ್ಟು ಮಾತ್ರ ಹುರಿಯಿರಿ, ಬಣ್ಣ ಬದಲಾಗಬಾರದು. ನೀರಿಗೆ ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ, ಕೊತಕೊತ ಕುದಿಯುವಾಗ ತರಿ ಸುರಿಯುತ್ತಾ ಕೈಯಾಡಿಸಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಮುಚ್ಚಿಡಿ. ಉಂಡೆ ಕಟ್ಟುವುದು ಕೈ ತಾಳುವಷ್ಟು ಬಿಸಿ ಇರುವಾಗಲೇ. ತಣಿದ ಮೇಲೆ ಕಟ್ಟಿದ್ದೇ ಬಿರುಕು ಬಿಡುವುದು. ಕೈ ಒದ್ದೆ ಮಾಡಿಕೊಂಡು ಚೆನ್ನಾಗಿ ನಾದಿ, ನಿಂಬೆಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ, ನಡುವೆ ಹೆಬ್ಬೆರಳಿನಿಂದ ಕುಳಿ ಒತ್ತಿ. ಆ ಕುಳಿ ಇಲ್ಲದಿದ್ದರೆ ಒಳಗೆ ಬೇಯದ ಗಟ್ಟಿ ಉಳಿಯುತ್ತದೆ. ಪಾತ್ರೆಯ ನೀರು ಕುದಿದು ಹಬೆ ಬಂದ ಮೇಲಷ್ಟೇ ಇಡಿ, 20 ನಿಮಿಷ ಬೇಯಿಸಿ. ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿದರೆ ನೀರು ತೊಟ್ಟಿಕ್ಕಿ ಮೇಲ್ಮೈ ಜಿಗುಟಾಗುವುದಿಲ್ಲ.

ನಾಟಿಕೋಳಿ ಸಾರು ಇದ್ದರೆ ಸೈ. ಇಲ್ಲದಿದ್ದರೆ ಕಾಯಿ ಚಟ್ನಿ, ಅಥವಾ ಜೋನಿಬೆಲ್ಲ (ದ್ರವ ಬೆಲ್ಲ) ಮತ್ತು ತುಪ್ಪ. ಇವೆರಡರಲ್ಲಿ ನಮ್ಮ ಓಟು ಬೆಲ್ಲಕ್ಕೆ.

ಪ್ರಶ್ನೆ: ಪತ್ರೊಡೆ ತಿಂದರೆ ಗಂಟಲು ಕೆರೆಯುತ್ತದೆ. ಯಾಕೆ? (ಹುಬ್ಬಳ್ಳಿ)

ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಕಾರಣ. ಹತ್ತು ಎಲೆಗೆ ನಿಂಬೆ ಗಾತ್ರದ ಹುಣಸೆಹಣ್ಣು ಹಾಕದಿದ್ದರೆ, ಅಥವಾ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯದಿದ್ದರೆ ತುರಿಸಿಯೇ ತುರಿಸುತ್ತದೆ. ಎಲೆ ಎಳೆಯದಾಗಿರಲಿ, ಹಿಂಬದಿಯ ದಪ್ಪ ನರ ಹೆರೆದು ತೆಗೆಯಿರಿ. ಮಳೆಗಾಲದಲ್ಲಿ ಮರದ ಮೇಲೆ ಚಿಗುರುವ ಮರಕೆಸು ಸಿಕ್ಕರೆ ಬಿಡಬೇಡಿ, ಪತ್ರೊಡೆಗೆ ಅದಕ್ಕಿಂತ ಒಳ್ಳೆಯ ಎಲೆ ಇಲ್ಲ.

ಪ್ರಶ್ನೆ: ಅಪ್ಪೆಮಿಡಿ ಎಂದು ಕೊಂಡದ್ದು ಸಾಮಾನ್ಯ ಮಾವಿನ ಮಿಡಿಯಾಗಿತ್ತು. ಗುರುತಿಸುವುದು ಹೇಗೆ? ಉಪ್ಪಿನ ಅಳತೆ ಎಷ್ಟು? (ಮೈಸೂರು)

ಒಂದು ಮಿಡಿಯ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿಯಿರಿ. ಅಪ್ಪೆಯ ಸೊನೆ ಚಿಮ್ಮುತ್ತದೆ, ಅದರ ಘಮ ಗಾಢ. ಜೀರಿಗೆ ಮಿಡಿಯಾದರೆ ಜೀರಿಗೆಯದೇ ವಾಸನೆ. ಬರೀ ಹಸಿ ಮಾವಿನ ವಾಸನೆ ಬಂದರೆ ಮುಂದಿನ ರಾಶಿಗೆ ಹೋಗಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಸಂತೆಯ ರಾಶಿಯ ಮೇಲೆ ಚೀಟಿ ಅಂಟಿಸಿರುವುದಿಲ್ಲ, ಮೂಗನ್ನೇ ನಂಬಬೇಕು. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಮಿಡಿ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿ ಮಾರುವುದು ನೂರರ ಲೆಕ್ಕದಲ್ಲಿ.

ಕೈಯಲ್ಲಿ ಕೊಯ್ದದ್ದೇ ಬೇಕು. ಮರ ಅಲುಗಿಸಿ ಉದುರಿಸಿದ ಮಿಡಿಗೆ ಹೊರಗೆ ಗಾಯ ಕಾಣದಿದ್ದರೂ ಭರಣಿಯಲ್ಲಿ ಮೆತ್ತಗಾಗಿ, ಜೊತೆಗಿದ್ದವನ್ನೂ ಕೆಡಿಸುತ್ತದೆ. ಒಂದನ್ನು ಅಡ್ಡ ಕೊಯ್ದು ನೋಡಿ, ವಾಟೆ (ಒಳಗಿನ ಗೊರಟೆ) ಚಾಕುವಿಗೆ ಸಲೀಸಾಗಿ ತುಂಡಾಗಬೇಕು. ಒಂದು ಸೆಂಟಿಮೀಟರ್ ತೊಟ್ಟು ಉಳಿಸಿ, ತೊಳೆದು, ನೆರಳಿನಲ್ಲಿ ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು, ಪದರ ಪದರವಾಗಿ ಹಾಕಿ. ದಿನಾ ಒಣ ಮರದ ಸೌಟಿನಿಂದ ಮೇಲೆ-ಕೆಳಗೆ ಮಾಡಿದರೆ ಹತ್ತು-ಹದಿನೈದು ದಿನಕ್ಕೆ ಮಿಡಿ ಮುರುಟಿ ತನ್ನದೇ ನೀರಿನಲ್ಲಿ ಮುಳುಗುತ್ತದೆ. ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಬ್ಯಾಡಗಿ ಮೆಣಸು, ಸಾಸಿವೆ ಅರೆಯಿರಿ. ಬೇರೆ ನೀರು ಸೋಕಿದರೆ ಬಿಳಿ ಪೊರೆ ಕಟ್ಟುತ್ತದೆ. ಉಪ್ಪು ಕಡಿಮೆ ತಿನ್ನುವವರು ಮಿಡಿ ಕಡಿಮೆ ತಿನ್ನಲಿ, ಭರಣಿಗೆ ಹಾಕುವ ಉಪ್ಪನ್ನು ಇಳಿಸಬಾರದು.

ಪ್ರಶ್ನೆ: ಕಾಡಣಬೆ ಕೊಳ್ಳಬಹುದೇ? ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಅದು ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುತ್ತಾರೆ. (ದಾವಣಗೆರೆ)

ಬೆಳ್ಳುಳ್ಳಿ, ಬೆಳ್ಳಿ ನಾಣ್ಯ, ಅರಿಶಿನ, ಈ ಯಾವ ಪರೀಕ್ಷೆಯೂ ವಿಷದ ಅಣಬೆಯನ್ನು ಹಿಡಿಯುವುದಿಲ್ಲ. ವರ್ಷ ವರ್ಷ ಅದೇ ಹುತ್ತದ ಬಳಿ ಕಿತ್ತು ತಾವೂ ತಿನ್ನುವವರಿಂದ ಮಾತ್ರ ಕೊಳ್ಳಿ, ಕಿತ್ತ ದಿನವೇ ಬೇಯಿಸಿ. ಸಂಶಯವಿದ್ದರೆ ಬಿಡಿ.

ಪ್ರಶ್ನೆ: ತುಂಗೆಯ ಮೀನು ತಿನ್ನಬೇಕೆಂಬ ಆಸೆ. ಯಾವಾಗ ಬರಲಿ? (ತುಮಕೂರು)

ಮುಂಗಾರಿನ ಮೊದಲ ಮಳೆಗೆ ಬರಬೇಡಿ. ಹಳ್ಳ, ಗದ್ದೆಗೆ ಹತ್ತಿ ಬರುವ ಹತ್ತುಮೀನು ಮೊಟ್ಟೆ ಇಡಲು ಹೊರಟದ್ದು. ಅದನ್ನು ಹಿಡಿದಷ್ಟೂ ಮುಂದಿನ ವರ್ಷದ ಮೀನು ಕಡಿಮೆ. ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ನವೆಂಬರಿನಿಂದ ಬನ್ನಿ. ಸಾರಿಗೆ ಹುಣಸೆಯ ಬದಲು ಉಪ್ಪಾಗೆ ಹುಳಿ ಹಾಕಿಸಿ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನು ನೋಡಬಹುದು, ಹಿಡಿಯುವಂತಿಲ್ಲ.

ಪ್ರಶ್ನೆ: ಆಲೆಮನೆಯಿಂದ ತಂದ ಜೋನಿಬೆಲ್ಲದ ತಳದಲ್ಲಿ ಹರಳು ಕಟ್ಟಿದೆ. ಸಕ್ಕರೆ ಬೆರೆಸಿದ್ದಾರೆಯೇ? (ಚಿತ್ರದುರ್ಗ)

ಹರಳು ಕಂಡ ಮಾತ್ರಕ್ಕೆ ಹಾಗೆ ಹೇಳಲಾಗದು, ಒಳ್ಳೆಯ ಜೋನಿಬೆಲ್ಲವೂ ಹರಳುಗಟ್ಟುತ್ತದೆ. ಡಬ್ಬವನ್ನು ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ನೊರೆ ಎದ್ದು ಹುಳಿ ವಾಸನೆ ಬಂದರೆ ಮಾತ್ರ ಚಿಂತಿಸಿ. ಅದು ಹದಕ್ಕೆ ಮೊದಲೇ ಕೊಪ್ಪರಿಗೆ ಇಳಿಸಿದ ಬೆಲ್ಲ, ನೀರಿನಂಶ ಹೆಚ್ಚಾಗಿ ಹುದುಗುತ್ತದೆ. ಕೊಳ್ಳುವಾಗ ಸೌಟಿನಿಂದ ಎತ್ತಿ ಬಿಡಲು ಹೇಳಿ. ಎಳೆ ಕಡಿಯದೆ ನಿಧಾನ ಇಳಿದರೆ ಹದ ಸರಿ, ನೀರಿನಂತೆ ಸುರಿದರೆ ಬೇಡ. ಮನೆಯಲ್ಲಿ ಗಾಜು ಅಥವಾ ಪಿಂಗಾಣಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ.