ಗೀಸರ್ ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯುತ್ತದಾ?

ತೀರ್ಥಹಳ್ಳಿಯಲ್ಲಿ ಮಳೆಗಾಲವಿಡೀ 15 ಲೀಟರ್ ಗೀಸರನ್ನು ಆನ್ ಇಟ್ಟೇ ಬಿಡಬಹುದಾ, ಥರ್ಮೋಸ್ಟ್ಯಾಟ್ ಹೇಗೂ ಆಫ್ ಮಾಡುತ್ತದಲ್ಲ ಅಂತ ಕೇಳಿದ್ದೀರಿ. ಬೇಡ. ಆಫ್ ಮಾಡುತ್ತದೆ ನಿಜ, ಆದರೆ ನೀರು ಸ್ವಲ್ಪ ಆರಿದ ಕೂಡಲೇ ಮತ್ತೆ ಆನ್ ಆಗುತ್ತದೆ. ನಮ್ಮನೆಯಲ್ಲಿ ಮಧ್ಯಾಹ್ನ ಯಾರೂ ಸ್ನಾನ ಮಾಡದಿದ್ದರೂ ಮೀಟರಿನ ಕೆಂಪು ದೀಪ ಇದ್ದಕ್ಕಿದ್ದಂತೆ ಬೇಗ ಬೇಗ ಮಿಣುಕುತ್ತಿತ್ತು. ಹೋಗಿ ನೋಡಿದರೆ ಗೀಸರ್! ನೀರು ಎಷ್ಟು ಬಿಸಿಯೋ, ಹೊರಗೆ ಎಷ್ಟು ಚಳಿಯೋ, ಶಾಖ ಅಷ್ಟು ಬೇಗ ಸೋರುತ್ತದೆ.

ಗೀಸರಿನ ಬಿಸಿ ಹೆಚ್ಚು-ಕಡಿಮೆ ಮಾಡುವ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ನೀರು ಬೇಗ ಕಾಯುತ್ತದೆ ಅನ್ನುವುದೂ ಸುಳ್ಳು. 2000 ವ್ಯಾಟ್ ಕಾಯಿಲ್ ಎಲ್ಲಿಟ್ಟರೂ 2000 ವ್ಯಾಟೇ. 20 ಡಿಗ್ರಿಯ ನೀರನ್ನು 60ಕ್ಕೆ ಕಾಯಿಸಲು ಸುಮಾರು 0.7 ಯೂನಿಟ್ ಬೇಕು, 50ಕ್ಕೆ ಅರ್ಧ ಯೂನಿಟ್ ಚಿಲ್ಲರೆ ಸಾಕು. 50 ಡಿಗ್ರಿಯ ಆ 15 ಲೀಟರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 22 ಲೀಟರ್ ಆಗುತ್ತದೆ. ಒಬ್ಬರ ಸ್ನಾನಕ್ಕೆ ಒಂದು ಬಕೆಟ್ ಧಾರಾಳ, ಅಲ್ವಾ? ಸ್ನಾನಕ್ಕೆ 20 ನಿಮಿಷ ಮೊದಲು ಹಾಕಿ, ಮುಗಿದ ಮೇಲೆ ಆಫ್ ಮಾಡಿ. ನಾಲ್ಕೈದು ದಿನ ಊರಲ್ಲಿಲ್ಲದೆ ನೀರು ಹಾಗೇ ನಿಂತಿದ್ದರೆ ಮಾತ್ರ, ಅದರಲ್ಲಿ ಬೆಳೆದಿರಬಹುದಾದ ಬ್ಯಾಕ್ಟೀರಿಯಾ ಸಾಯಲಿ ಅಂತ, ಮೊದಲ ಸಲ 60ಕ್ಕೆ ಕಾಯಿಸಿ.

ಬಚ್ಚಲಲ್ಲಿ ಹಂಡೆ ಇದ್ದರೆ, ಅಡಿಕೆ ಸಿಪ್ಪೆಯೂ ಇದ್ದರೆ, ಗೀಸರಿನ ಗೊಡವೆಯೇ ಬೇಡ ಅಂತೀನಿ ನಾನು.

ಶಿವಮೊಗ್ಗದ ಮನೆಯ ಏಸಿಗೂ ಇದೇ ಮಾತು. 18ಕ್ಕೆ ಇಟ್ಟರೆ ಸಾಮಾನ್ಯ (ಇನ್ವರ್ಟರ್ ಅಲ್ಲದ) ಏಸಿ ಬೇಗ ತಂಪು ಮಾಡುವುದಿಲ್ಲ, ಸುಮ್ನೆ ಜಾಸ್ತಿ ಹೊತ್ತು ಓಡುತ್ತದೆ. 24ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳಿ.